ಇಂಟರ್‌ವ್ಯೂನಲ್ಲಿ ಬಾಯಿ ಬಿಡೋದು ಕಲಿಯೋಕೆ ನನಗೆ ಏಳು ತಿಂಗಳು ಹಿಡೀತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ನಿಮ್ಮ ಅನುಭವನೂ ಬರೀರಿ

ಗುಬ್ಬಿ ಗೇಟ್

ಎಲ್ರಿಗೂ ನಮಸ್ಕಾರ. ಮೊನ್ನೆ ಆಫರ್ ಲೆಟರ್ ಕೈಗೆ ಬಂತು. ಬೆಂಗಳೂರಿನ ಒಂದು ಪ್ರಾಡಕ್ಟ್ ಕಂಪನಿ, ಬ್ಯಾಕೆಂಡ್ (ಸರ್ವರ್ ಕಡೆಯ ಕೋಡ್) ಎಂಜಿನಿಯರ್ ಕೆಲಸ. ಇದೇ ಕಂಪನಿ ಹೋದ ವರ್ಷ ನನ್ನನ್ನ ಎರಡನೇ ರೌಂಡ್‌ನಲ್ಲೇ ಕೈಬಿಟ್ಟಿತ್ತು. ಮಧ್ಯದಲ್ಲಿ ಏನು ಬದಲಾಯ್ತು ಅಂತ ಬರೀಬೇಕು ಅನ್ನಿಸ್ತು. ನಾನು ಹುಡುಕ್ತಿದ್ದಾಗ ಕನ್ನಡದಲ್ಲಿ ಇಂಥದ್ದು ಒಂದೂ ಸಿಕ್ಕಿರ್ಲಿಲ್ಲ, ಅದಕ್ಕೆ ಉದ್ದ ಆದ್ರೂ ಪೂರ್ತಿ ಬರೀತೀನಿ.

ನಮ್ಮದು ಗುಬ್ಬಿ ತಾಲ್ಲೂಕಿನ ಹಳ್ಳಿ. ಹತ್ತನೇ ಕ್ಲಾಸ್‌ವರೆಗೂ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಪಿಯುಸಿ, ಎಂಜಿನಿಯರಿಂಗ್ ಎರಡೂ ತುಮಕೂರಲ್ಲೇ. ಕ್ಯಾಂಪಸ್‌ನಲ್ಲಿ ಒಂದು ಸರ್ವಿಸ್ ಕಂಪನಿಗೆ ಆಯ್ಕೆಯಾಗಿ ಎರಡೂವರೆ ವರ್ಷ ಸಪೋರ್ಟ್ ಪ್ರಾಜೆಕ್ಟ್‌ನಲ್ಲಿದ್ದೆ. ಟಿಕೆಟ್ ಬರುತ್ತೆ, ಲಾಗ್ ನೋಡ್ತೀನಿ, ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್ ಹಾಕಿ ಡೇಟಾ ಸರಿ ಮಾಡ್ತೀನಿ, ಟಿಕೆಟ್ ಮುಚ್ತೀನಿ. ಹೊಸ ಕೋಡ್ ಬರೆದದ್ದು ತೀರಾ ಕಡಿಮೆ.

ಮೊದಲ ಸಲದ ಕಥೆ ಕೇಳಿ. ಆನ್‌ಲೈನ್ ಟೆಸ್ಟ್ ಪಾಸಾಗಿತ್ತು. ವಿಡಿಯೋ ರೌಂಡ್‌ನಲ್ಲಿ ಕೇಳಿದ್ದು ಎಲ್ರಿಗೂ ಗೊತ್ತಿರೋ ಪ್ರಶ್ನೆನೇ: ಒಂದು ಪಟ್ಟಿ ಸಂಖ್ಯೆಗಳಿವೆ, ಒಂದು ಮೊತ್ತ ಕೊಟ್ಟಿದೆ, ಯಾವ ಎರಡು ಸಂಖ್ಯೆ ಕೂಡಿದ್ರೆ ಆ ಮೊತ್ತ ಬರುತ್ತೆ? ಈ ಲೆಕ್ಕ ನಾನು ಮೂರು ಸಲ ಮಾಡಿದ್ದೆ. ಆದ್ರೂ ಹತ್ತು ಹನ್ನೆರಡು ನಿಮಿಷ ಒಂದು ಮಾತೂ ಆಡ್ದೆ ಟೈಪ್ ಮಾಡ್ತಾ ಕೂತೆ. ಆ ಮೇಡಂ ಒಂದು ಸಲ ಕೇಳಿದ್ರು, "ವಾಟ್ ಆರ್ ಯು ಥಿಂಕಿಂಗ್?" ನಾನು "ನಥಿಂಗ್ ಮೇಡಂ" ಅಂದೆ. ತಲೆಯಲ್ಲಿ ಹತ್ತು ವಿಷಯ ಓಡ್ತಿತ್ತು, ಬಾಯಿಂದ ಬಂದದ್ದು ಅದೊಂದೇ. ಕೋಡ್ ಓಡ್ತು. ಆಮೇಲೆ "ಪಟ್ಟಿ ಮೊದಲೇ ಏರಿಕೆ ಕ್ರಮದಲ್ಲಿದ್ರೆ ಏನು ಮಾಡ್ತೀರಿ, ಹೆಚ್ಚುವರಿ ಮೆಮೊರಿ ಬಳಸ್ಬಾರದು" ಅಂದ್ರು. ಎರಡು ತುದಿಯಿಂದ ಒಂದೊಂದು ಬೆರಳಿಟ್ಟು ಒಳಗೆ ಸರಿದು ಬರೋದು ಅಷ್ಟೇ ಅದು. ಗೊತ್ತಿತ್ತು. ಆದ್ರೆ ಅಷ್ಟೊತ್ತಿಗೆ ಗಂಟಲು ಕಟ್ಟಿಹೋಗಿತ್ತು.

ವಾರ ಬಿಟ್ಟು ರಿಜೆಕ್ಟ್ ಮೇಲ್ ಬಂತು. ರಿಕ್ರೂಟರ್‌ಗೆ ಫೋನ್ ಮಾಡಿ ಕಾರಣ ಕೇಳ್ದೆ. ಒಳ್ಳೆಯವರು, ಹೇಳಿದ್ರು: "ನಿಮ್ಮ ಕೋಡ್ ಸರಿಯಿತ್ತು. ಅಲ್ಲಿಗೆ ನೀವು ಹೇಗೆ ಬಂದ್ರಿ ಅಂತ ಅವರಿಗೆ ಗೊತ್ತಾಗ್ಲಿಲ್ಲ." ಆರು ತಿಂಗಳು ಮತ್ತೆ ಅರ್ಜಿ ಹಾಕೋ ಹಾಗಿಲ್ಲ.

ನಾನ್ಯಾಕೆ ಮಾತಾಡ್ಲಿಲ್ಲ ಅಂತ ತುಂಬಾ ದಿನ ಯೋಚನೆ ಮಾಡ್ದೆ. ಇಂಗ್ಲಿಷ್ ಅರ್ಧ ಕಾರಣ. ಇನ್ನರ್ಧ ಶಾಲೆಯಿಂದ ಬಂದದ್ದು. ಉತ್ತರ ಗ್ಯಾರಂಟಿ ಇದ್ರೆ ಮಾತ್ರ ಕೈ ಎತ್ತೋದು, ತಪ್ಪು ಹೇಳಿದ್ರೆ ಬೆಂಚಿನ ಮೇಲೆ ನಿಲ್ಲೋದು, ಹಾಗೇ ಬೆಳೆದ್ವಿ. ಅರ್ಧ ಬೆಂದ ಯೋಚನೆನ ದೊಡ್ಡವರ ಮುಂದೆ ಹೇಳೋ ಅಭ್ಯಾಸನೇ ನಮಗಿಲ್ಲ. ಈ ಇಂಟರ್‌ವ್ಯೂಗಳಲ್ಲಿ ಕೇಳೋದು ಅದನ್ನೇ.

ನಾನು ಮಾಡಿದ್ದು ಇಷ್ಟು. ದಿನಾ ತುಮಕೂರಿನಿಂದ ಯಶವಂತಪುರಕ್ಕೆ ರೈಲಲ್ಲಿ ಹೋಗಿಬರ್ತಿದ್ದೆ. ಹತ್ತಿದ ಕೂಡ್ಲೇ ಫೋನ್ ಬ್ಯಾಗಿಗೆ ಹಾಕಿ, ನೋಟ್‌ಬುಕ್ಕಲ್ಲಿ ಒಂದೇ ಒಂದು ಪ್ರಶ್ನೆ. ಕ್ಯಾತ್ಸಂದ್ರ, ಹಿರೇಹಳ್ಳಿ ದಾಟೋದ್ರೊಳಗೆ ಪ್ರಶ್ನೆನ ನನ್ನ ಮಾತಲ್ಲಿ ಬರ್ಕೋಬೇಕು. ದಾಬಸ್‌ಪೇಟೆ ಹೊತ್ತಿಗೆ ಒರಟು ಉಪಾಯ ಒಂದು ಇರ್ಬೇಕು, ನಿಧಾನದ್ದಾದ್ರೂ ಪರ್ವಾಗಿಲ್ಲ. ಚಿಕ್ಕಬಾಣಾವರ ಬರೋದ್ರೊಳಗೆ ಅದಕ್ಕಿಂತ ಒಳ್ಳೇದು ಹುಡುಕ್ಬೇಕು. ಸಂಜೆ ಮನೇಲಿ ನನ್ನ ತಂಗಿಗೆ ಅದನ್ನ ವಿವರಿಸ್ತಿದ್ದೆ, ಕನ್ನಡದಲ್ಲಿ. ಅವಳು ಬಿಕಾಂ, ಪ್ರೋಗ್ರಾಮಿಂಗ್ ಗೊತ್ತಿಲ್ಲ. ಅರ್ಥ ಆಗ್ದಿದ್ರೆ "ಅಣ್ಣಾ, ಇಲ್ಲಿ ಬಿಟ್ಟೆ ನೀನು, ಇದ್ಯಾಕೆ ಹೀಗೆ?" ಅಂತ ಕೇಳೋಳು. ನಾನು ಎಲ್ಲಿ ಹಾರಿಸ್ತಿದ್ದೆ ಅಂತ ಗೊತ್ತಾಗಿದ್ದು ಅವಳಿಂದ.

ಮೂರು ತಿಂಗಳು ಬರೀ ಕನ್ನಡ. ಬಾಯಿ ಸಲೀಸಾದ ಮೇಲೆ ಅದೇ ವಿವರಣೆಯನ್ನ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಕ್ಕೆ ತಂದೆ. "ಲೆಟ್ ಮಿ ಥಿಂಕ್ ಫಾರ್ ಎ ಮಿನಿಟ್." "ಕ್ಯಾನ್ ದ ಲಿಸ್ಟ್ ಬಿ ಎಂಪ್ಟಿ?" "ದಿಸ್ ಈಸ್ ಸ್ಲೋ, ಐ ವಿಲ್ ಇಂಪ್ರೂವ್ ಇಟ್." ಇಂಥ ಹದಿನೈದಿಪ್ಪತ್ತು ವಾಕ್ಯ ಇದ್ರೆ ಮುಕ್ಕಾಲು ಗಂಟೆ ಇಂಟರ್‌ವ್ಯೂ ನಡೆದುಹೋಗುತ್ತೆ, ನಿಜವಾಗ್ಲೂ.

ಎರಡನೇ ಸಲ ಟೆಸ್ಟ್ ಹಳ್ಳಿಯಿಂದ ಬರೀಲಿಲ್ಲ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಎಸ್.ಎಸ್. ಪುರಂನಲ್ಲಿ ಸ್ನೇಹಿತನ ರೂಮಿಗೆ ಹೋಗಿ ಬರೆದೆ. ಕೋಡಿಂಗ್ ರೌಂಡ್ ಎರಡಿತ್ತು. ಒಂದ್ರಲ್ಲಿ, ಒಂದು ಪದದೊಳಗೆ ಯಾವ ಅಕ್ಷರವೂ ಮರುಕಳಿಸದ ಅತಿ ಉದ್ದದ ತುಂಡು ಎಷ್ಟುದ್ದ ಅಂತ. ಇನ್ನೊಂದ್ರಲ್ಲಿ ಒಂದಷ್ಟು ಸಮಯಗಳ ಪಟ್ಟಿ ಕೊಟ್ಟು, ಒಂದ್ರ ಮೇಲೊಂದು ಬೀಳೋದನ್ನೆಲ್ಲ ಸೇರಿಸಿ ಅಂದ್ರು. ಎರಡ್ರಲ್ಲೂ ಮೊದಲು ಒರಟು ಉಪಾಯ ಹೇಳ್ದೆ, ಅದಕ್ಕೆಷ್ಟು ಹೊತ್ತು ಹಿಡಿಯುತ್ತೆ ಹೇಳ್ದೆ, ಆಮೇಲೆ ಸುಧಾರಿಸ್ದೆ. ಎರಡನೇದ್ರಲ್ಲಿ ಒಂದು ಕಡೆ ತಪ್ಪು ಮಾಡ್ದೆ. ಒಂದರ ಕೊನೆ ಇನ್ನೊಂದರ ಆರಂಭಕ್ಕೆ ಸರಿಯಾಗಿ ತಾಗಿದ್ರೆ ಸೇರಿಸ್ಬೇಕಾ ಬೇಡ್ವಾ ಅಂತ ಕೇಳಿರ್ಲಿಲ್ಲ. ಉದಾಹರಣೆ ಹಾಕಿ ನೋಡ್ವಾಗ ಸಿಕ್ತು, "ನಾನಿದನ್ನ ಮೊದಲೇ ಕೇಳ್ಬೇಕಿತ್ತು" ಅಂತ ಹೇಳಿ ತಿದ್ದಿದೆ. ಅವರ ಮುಖದಲ್ಲಿ ಬೇಜಾರು ಕಾಣ್ಲಿಲ್ಲ.

ಡಿಸೈನ್ ರೌಂಡ್‌ನಲ್ಲಿ ಉದ್ದನೆ ಲಿಂಕನ್ನ ಚಿಕ್ಕದು ಮಾಡೋ ವ್ಯವಸ್ಥೆ ಕಟ್ಟಿ ಅಂದ್ರು. ಇಲ್ಲಿ ಲೆಕ್ಕ ಕೈ ಹಿಡೀತು. ಇಂಗ್ಲಿಷಿನ ದೊಡ್ಡಕ್ಷರ 26, ಚಿಕ್ಕಕ್ಷರ 26, ಅಂಕಿ 10, ಒಟ್ಟು 62 ಚಿಹ್ನೆ. ಆರು ಜಾಗ ಇದ್ರೆ ಸುಮಾರು 5,680 ಕೋಟಿ ಬೇರೆಬೇರೆ ಲಿಂಕ್, ಏಳು ಇದ್ರೆ ಸುಮಾರು 3.5 ಲಕ್ಷ ಕೋಟಿ. ದಿನಕ್ಕೆ ಎಷ್ಟು ಲಿಂಕ್ ಬರುತ್ತೆ ಅಂತ ಅವರನ್ನೇ ಕೇಳಿ, ಏಳು ಸಾಕು ಅಂದೆ. ಬರೆಯೋರಿಗಿಂತ ಓದೋರು ಬಹಳ ಜಾಸ್ತಿ, ಅದಕ್ಕೆ ಪದೇಪದೇ ಕೇಳೋದನ್ನ ಕೈಗೆ ಸಿಗೋ ಹಾಗೆ ಇಟ್ಕೊಳ್ಳೋ ಕ್ಯಾಶ್ (cache) ಬೇಕು ಅಂದೆ. ಪ್ರತಿ ಚಿಕ್ಕ ಲಿಂಕ್ ಹಿಂದೆ ಒಂದು ನಂಬರ್ ಇರುತ್ತೆ, ಒಂದೇ ನಂಬರ್ ಇಬ್ಬರಿಗೆ ಹೋಗದ ಹಾಗೆ ಹೇಗೆ ಅನ್ನೋದ್ರ ಮೇಲೆ ಇಪ್ಪತ್ತು ನಿಮಿಷ ಮಾತು. ಎಲ್ಲಾ ಸರ್ವರ್‌ಗೂ ಒಂದೊಂದು ಸಾವಿರ ನಂಬರಿನ ಕಟ್ಟು ಮೊದಲೇ ಹಂಚೋದು ಅಂತ ಹೇಳ್ದೆ.

ಮ್ಯಾನೇಜರ್ ರೌಂಡ್‌ನಲ್ಲಿ "ನೀವು ಮಾಡಿದ ದೊಡ್ಡ ತಪ್ಪು ಹೇಳಿ" ಅಂದ್ರು. ಒಂದ್ಸಲ ಯಾವ ಸಾಲು ಬದಲಾಗ್ಬೇಕು ಅಂತ ಹೇಳೋ ವೇರ್ ಕಂಡೀಷನ್ ಹಾಕದೆ ಅಪ್‌ಡೇಟ್ ಓಡಿಸಿದ್ದೆ, ಟೇಬಲ್ ಪೂರ್ತಿ ಬದಲಾಗಿತ್ತು. ಎರಡು ನಿಮಿಷದಲ್ಲಿ ಟೀಮ್ ಲೀಡ್‌ಗೆ ನಾನೇ ಹೇಳಿದ್ದೆ, ಬ್ಯಾಕಪ್‌ನಿಂದ ವಾಪಸ್ ತಂದ್ವಿ. ಅವತ್ತಿಂದ ಮೊದಲು ಸೆಲೆಕ್ಟ್ ಹಾಕಿ ಎಷ್ಟು ಸಾಲು ಬರುತ್ತೆ ನೋಡದೆ ಅಪ್‌ಡೇಟ್ ಮುಟ್ಟಿಲ್ಲ. ಇದನ್ನೇ ಹೇಳ್ದೆ. ಎಚ್‌ಆರ್ ರೌಂಡ್‌ನಲ್ಲಿ ವಿಶೇಷ ಏನಿರ್ಲಿಲ್ಲ.

ನಿಮ್ಮ ಅನುಭವ ಬರೀರಿ. ಸೋತದ್ದೂ ಬರೀರಿ, ನನಗೆ ಅದೇ ಹೆಚ್ಚು ಉಪಯೋಗಕ್ಕೆ ಬಂದದ್ದು.

ಬಂಗಾರಪೇಟೆ ಟು ವೈಟ್‌ಫೀಲ್ಡ್

ಅಭಿನಂದನೆಗಳು ಬ್ರದರ್. ಆ "ನಥಿಂಗ್ ಮೇಡಂ" ಓದಿ ಹೊಟ್ಟೆ ಚುರ್ ಅಂತು. ನಾನೂ ಅದನ್ನೇ ಹೇಳಿದವನು.

ಒಂದು ಮಾತು ಮಾತ್ರ ಒಪ್ಪಲ್ಲ. ಮೂರು ತಿಂಗಳು ಬರೀ ಕನ್ನಡದಲ್ಲಿ ಅಂದ್ರಲ್ಲ, ನಮ್ಮಂಥೋರಿಗೆ ಅಷ್ಟು ಟೈಮ್ ಇರಲ್ಲ. ನಮ್ಮ ಮನೇಲಿ ತೆಲುಗು, ಶಾಲೇಲಿ ಕನ್ನಡ, ರೈಲಲ್ಲಿ ಪಕ್ಕದೋರ ಜತೆ ತಮಿಳು. ಮೂರು ಭಾಷೆ ದಾಟಿ ನಾಲ್ಕನೇದಕ್ಕೆ ಹೋಗ್ಬೇಕು. ನಾನು ನೇರವಾಗಿ ಇಂಗ್ಲಿಷಿಗೇ ಬಿದ್ದೆ. ಐಐಟಿ ಮೇಷ್ಟ್ರುಗಳ ಎನ್‌ಪಿಟಿಇಎಲ್ ಪಾಠ ಪುಕ್ಕಟೆ ಸಿಗುತ್ತೆ, ಅದನ್ನ ಹಾಕ್ಕೊಂಡು ಅವರು ಹೇಳಿದ್ದನ್ನೇ ಅವರ ಹಿಂದೆ ಜೋರಾಗಿ ಹೇಳ್ತಿದ್ದೆ. ನಾಲಿಗೆ ತಿರುಗಿದ್ದು ಹಾಗೆ.

ಕೋಲಾರ ಕಡೆಯೋರಿಗೆ ಒಂದು ವಿಷಯ. ಆಫೀಸಿಗೆ ಕರೆದ್ರೆ ಯಾವ ಏರಿಯಾ ಅಂತ ಮೊದಲು ನೋಡಿ. ಮಾರಿಕುಪ್ಪಂ, ಬಂಗಾರಪೇಟೆ ರೈಲುಗಳು ಮಾಲೂರು ದಾಟಿ ವೈಟ್‌ಫೀಲ್ಡಿಗೆ ಬರ್ತವೆ. 2023ರ ಮಾರ್ಚ್‌ನಿಂದ ಅಲ್ಲಿ ಕಾಡುಗೋಡಿ ಮೆಟ್ರೋನೂ ಇದೆ. ಮೊದಲು ಮೆಜೆಸ್ಟಿಕ್ಕಿಗೆ ಹೋಗಿ ವಾಪಸ್ ಬರೋ ಅಣ್ಣತಮ್ಮಂದಿರನ್ನ ನೋಡಿದೀನಿ. ಇಂಟರ್‌ವ್ಯೂಗೆ ಮುಂಚೆನೇ ಅರ್ಧ ಜೀವ ಹೋಗಿರುತ್ತೆ.

ಗುಬ್ಬಿ ಗೇಟ್

ಸರಿ ಅಣ್ಣ, ನಾಲ್ಕು ಭಾಷೆ ವಿಷಯ ನನಗೆ ಹೊಳೆದಿರ್ಲಿಲ್ಲ. ನನಗೆ ಕನ್ನಡ ಯಾಕೆ ಬೇಕಾಯ್ತು ಅಂದ್ರೆ, ಇಂಗ್ಲಿಷಲ್ಲಿ ಶುರು ಮಾಡಿದ್ರೆ ಅರ್ಧ ತಲೆ ವ್ಯಾಕರಣದ ಮೇಲೆ ಹೋಗ್ತಿತ್ತು, ಲೆಕ್ಕಕ್ಕೆ ಉಳಿಯೋದು ಇನ್ನರ್ಧ. ನಿಮಗೆ ಪಾಠ ಕೇಳ್ತಾ ಕೇಳ್ತಾ ಆಗಿದೆ ಅಂದ್ರೆ ಅದೂ ದಾರಿನೇ.

ಮಧುಗಿರಿ 2024 ಬ್ಯಾಚ್

ಅಣ್ಣ, ಇದೆಲ್ಲ ಇಂಟರ್‌ವ್ಯೂ ಕರೆ ಬಂದೋರಿಗೆ. ನನಗೆ ಕರೆನೇ ಬರ್ತಿಲ್ಲ. ಕೋರ್ಸ್ ಮುಗಿದು ವರ್ಷ ದಾಟ್ತು. ಇಸಿ (ಎಲೆಕ್ಟ್ರಾನಿಕ್ಸ್) ಬ್ರಾಂಚ್. ಪಿಯುಸಿಯಲ್ಲಿ 58 ಪರ್ಸೆಂಟ್, ಆ ವರ್ಷ ಅಪ್ಪಂಗೆ ಹುಷಾರಿರ್ಲಿಲ್ಲ. ಎಲ್ಲಾ ಕಡೆ ಹತ್ತನೇ ಕ್ಲಾಸಿಂದ 60 ಇರ್ಲೇಬೇಕು ಅಂತಾರೆ. ಬಿಇನಲ್ಲಿ 7.9 ಇದೆ, ಯಾರೂ ಅದನ್ನ ನೋಡೋವರೆಗೂ ಹೋಗಲ್ಲ. ಯುವನಿಧಿ ದುಡ್ಡು ಬರ್ತಿತ್ತು, ಫೋನ್ ರೀಚಾರ್ಜು, ಓಡಾಟಕ್ಕೆ ಆಗ್ತಿತ್ತು. ಊರಲ್ಲಿ ದಿನಾ ಕೇಳ್ತಾರೆ ಏನಾಯ್ತು ಅಂತ. ಏನ್ಮಾಡ್ಲಿ?

ಗೌರಿಬಿದನೂರು ಅಕ್ಕ

ತಂಗಿ, ಮೊದಲು ಇದನ್ನ ಓದು. 60ರ ಗೆರೆ ಹೆಚ್ಚಾಗಿ ಕ್ಯಾಂಪಸ್ಸಿಗೆ ಬಂದು ನೂರಾರು ಜನರನ್ನ ಒಟ್ಟಿಗೆ ತಗೊಳ್ಳೋ ಕಡೆ ಇರುತ್ತೆ. ಐವತ್ತು, ನೂರು ಜನ ಇರೋ ಚಿಕ್ಕ ಕಂಪನಿಗಳಲ್ಲಿ ಪಿಯುಸಿ ಅಂಕ ಕೇಳಿದ್ದು ನಾನು ನೋಡಿಲ್ಲ. ಅಲ್ಲಿ ಕೇಳೋದು, ನೀನು ಏನು ಮಾಡಿದೀಯ ತೋರ್ಸು ಅಂತ. ನಿನ್ನ ರೆಸ್ಯೂಮೆಯಲ್ಲಿ ಕಾಲೇಜಿನ ಪ್ರಾಜೆಕ್ಟ್ ಇದ್ರೆ ತೆಗೆದುಬಿಡು, ಎಲ್ಲರದ್ದೂ ಅದೇ ಇರುತ್ತೆ. ನಿಮ್ಮೂರಿಗೆ ಬೇಕಾದದ್ದು ಒಂದು ಮಾಡು. ನನ್ನ ಕೈಕೆಳಗೆ ಈಗಿರೋ ಹುಡುಗಿ ಅವರ ಹಳ್ಳಿ ಹಾಲಿನ ಡೈರಿಗೆ ಲೀಟರು, ಫ್ಯಾಟು, ಹಣದ ಲೆಕ್ಕ ಇಡೋ ಚಿಕ್ಕ ಆ್ಯಪ್ ಮಾಡಿದ್ಲು. ನೆಟ್ ಇಲ್ದಿದ್ರೂ ಲೆಕ್ಕ ಬರ್ಕೊಂಡು, ಸಿಗ್ನಲ್ ಬಂದಾಗ ಸರ್ವರಿಗೆ ಕಳಿಸೋ ಹಾಗೆ. ಅದೊಂದ್ರ ಮೇಲೆ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದ್ವಿ. ಎರಡು ಫೋನಲ್ಲಿ ಒಂದೇ ಲೆಕ್ಕ ತಿದ್ದಿದ್ರೆ ಯಾವುದನ್ನ ನಂಬ್ತೀಯ ಅಂದ್ರೆ, ಯೋಚನೆ ಮಾಡಿ ಸರಿಯಾಗಿ ಹೇಳಿದ್ಲು. ಇನ್ನೇನು ಬೇಕು.

ವಾಕ್‌ಇನ್ ಇದ್ರೆ ಬಿಡಬೇಡ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಬಸ್ ಚಾರ್ಜು ಅಂತ ಅಪ್ಪನ್ನ ಕೇಳ್ಬೇಕಾಗಿಲ್ಲ. ಒಂಬತ್ತಕ್ಕೆ ಬೆಂಗಳೂರಲ್ಲಿ ಇರ್ಬೇಕಂದ್ರೆ ಐದರ ಬಸ್ಸು ಹಿಡಿ, ಹಸ್ಕೊಂಡು ಒಳಗೆ ಹೋಗ್ಬೇಡ.

ಇಲ್ಲಿರೋ ಹೆಣ್ಣುಮಕ್ಕಳಿಗೆಲ್ಲ ಇನ್ನೊಂದು ಮಾತು. ಎರಡು ಕಂಪನಿಯಲ್ಲಿ ನನ್ನನ್ನ "ಮದುವೆ ಯಾವಾಗ, ಆಮೇಲೂ ಕೆಲಸ ಮಾಡ್ತೀರಾ" ಅಂತ ಕೇಳಿದ್ರು. ಮೊದಲ ಸಲ ತಬ್ಬಿಬ್ಬಾಗಿ ಏನೇನೋ ಹೇಳಿ ಬಂದು ಬಸ್ಸಲ್ಲಿ ಅತ್ತೆ. ಎರಡನೇ ಸಲ, "ಈ ಕೆಲಸಕ್ಕೆ ಬೇಕಾದ ಸಮಯ ನಾನು ಕೊಡ್ತೀನಿ ಸರ್, ಕೆಲಸದ ಬಗ್ಗೆ ಕೇಳಿ" ಅಂದೆ. ಧ್ವನಿ ಏರಿಸ್ಲಿಲ್ಲ. ಆಮೇಲೆ ಅಲ್ಲಿ ಸಿಕ್ಕಿದ್ರೂ ನಾನು ಸೇರ್ಲಿಲ್ಲ. ಒಳಗೆ ಹೋದ ಮೇಲೆ ರಜೆ ಕೇಳೋಕೂ ಅದೇ ಮನುಷ್ಯನ ಹತ್ರ ಹೋಗ್ಬೇಕಲ್ವಾ. ಮಗು ಆದ ಮೇಲೆ ಎರಡು ವರ್ಷ ಗ್ಯಾಪ್ ಆಯ್ತು, ಅದನ್ನ ಮುಚ್ಚಿಡದೆ ರೆಸ್ಯೂಮೆಯಲ್ಲೇ ಒಂದು ಸಾಲು ಬರೆದೆ. ಬರೆದ ಮೇಲೆ ಆ ಬಗ್ಗೆ ಕುಟುಕಿ ಕೇಳಿದವರು ಕಡಿಮೆ.

ಮಧುಗಿರಿ 2024 ಬ್ಯಾಚ್

ಅಕ್ಕ, ತುಂಬಾ ಥ್ಯಾಂಕ್ಸ್. ನಮ್ಮ ಚಿಕ್ಕಪ್ಪಂದು ಕಡ್ಲೆಕಾಯಿ ವ್ಯಾಪಾರ. ಯಾರಿಗೆ ಎಷ್ಟು ಕೊಡ್ಬೇಕು ಅಂತ ಇನ್ನೂ ಪುಸ್ತಕದಲ್ಲಿ ಬರೀತಾರೆ. ಅದನ್ನ ನೋಡ್ತೀನಿ.

ಪಾವಗಡದ ಒಬ್ಬ ತಂದೆ

ಎಲ್ಲರಿಗೂ ನಮಸ್ಕಾರಗಳು. ನಾನು ಸಾಫ್ಟ್‌ವೇರ್ ಕ್ಷೇತ್ರದವನಲ್ಲ, ರೈತ. ಮಗ ಎಂಜಿನಿಯರಿಂಗ್ ಮುಗಿಸಿ ಮನೆಯಲ್ಲಿದ್ದಾನೆ. ಅವನಿಗೆ ಒಂದು ಕಂಪನಿಯಿಂದ ಫೋನಿನಲ್ಲೇ ಸಂದರ್ಶನ ಮಾಡಿ ಆಯ್ಕೆಯಾಗಿದ್ದೀರಿ ಎಂದು ಪತ್ರ ಕಳಿಸಿದ್ದಾರೆ. ಪತ್ರದಲ್ಲಿ ಸೀಲು, ಸಹಿ ಎಲ್ಲ ಇದೆ. ಲ್ಯಾಪ್‌ಟಾಪ್ ಮತ್ತು ತರಬೇತಿಗೆ 35,000 ರೂಪಾಯಿ ಠೇವಣಿ ಕಟ್ಟಬೇಕು, ಸೇರಿದ ಮೇಲೆ ವಾಪಸ್ ಕೊಡುತ್ತೇವೆ ಎನ್ನುತ್ತಾರೆ. ನಾಡಿದ್ದು ಕೊನೆಯ ದಿನವಂತೆ. ಹಣ ಹೊಂದಿಸಿದ್ದೇನೆ. ಕಟ್ಟಬಹುದೇ, ತಿಳಿದವರು ಹೇಳಿ.

ಬಂಗಾರಪೇಟೆ ಟು ವೈಟ್‌ಫೀಲ್ಡ್

ಕಟ್ಟಬೇಡಿ ಯಜಮಾನ್ರೇ. ಒಂದು ರೂಪಾಯಿನೂ ಕಟ್ಟಬೇಡಿ. ಕೆಲಸ ಕೊಡೋ ಕಂಪನಿ ಲ್ಯಾಪ್‌ಟಾಪ್ ತಾನೇ ಕೊಡುತ್ತೆ, ದುಡ್ಡು ಕೇಳಲ್ಲ. ನಾಡಿದ್ದು ಕೊನೆ ದಿನ ಅಂತ ಅವಸರ ಮಾಡೋದೇ ಮೋಸದ ಗುರುತು.

ಚಿಂತಾಮಣಿ ಕಡೆಯವನು

ಯಜಮಾನ್ರೇ, ಅವರು ಹೇಳಿದ್ದು ಸರಿ. ಪತ್ರ ಬಂದ ಇಮೇಲ್ ವಿಳಾಸ ನೋಡಲು ಮಗನಿಗೆ ಹೇಳಿ. ಕಂಪನಿಯ ಸ್ವಂತ ವೆಬ್‌ಸೈಟ್ ಹೆಸರಿನದ್ದೋ ಅಥವಾ ಯಾರು ಬೇಕಾದರೂ ತೆರೆಯಬಹುದಾದ ಜಿಮೇಲ್ ಖಾತೆಯೋ? ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ, ಪತ್ರದಲ್ಲಿರುವ ನಂಬರಿಗೆ ಮಾಡಬೇಡಿ. ಈಗಾಗಲೇ ಏನಾದರೂ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಪಾವಗಡದ ಒಬ್ಬ ತಂದೆ

ಹಣ ಇನ್ನೂ ಕಟ್ಟಿಲ್ಲ. ಮಗನಿಗೆ ತೋರಿಸಿದೆ, ಇಮೇಲ್ ಜಿಮೇಲ್‌ನದ್ದೇ. ನೀವೆಲ್ಲ ಪುಣ್ಯಾತ್ಮರು. ಅವನು ಬೇಸರದಲ್ಲಿದ್ದಾನೆ, ಈ ಪುಟವನ್ನು ಅವನಿಗೇ ಕೊಟ್ಟು ಓದಿಸುತ್ತೇನೆ.

ಶಿರಾ ಡೆವಲಪರ್

ಎಲ್ಲ ಸರಿ, ಆದ್ರೆ ಒಂದು ಪ್ರಶ್ನೆ ಯಾರೂ ಕೇಳ್ತಿಲ್ಲ. ಈ ಲೆಕ್ಕಗಳೆಲ್ಲ ಯಾಕೆ? ಏಳು ವರ್ಷ ಕೆಲಸ ಮಾಡಿದೀನಿ, ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿ) ತಿರುಗಿಸೋ ಕೋಡ್ ಒಂದು ದಿನನೂ ಬರೆದಿಲ್ಲ. ಲಕ್ಷಾಂತರ ಜನ ಬಳಸೋ ಪೇಮೆಂಟ್ ಸಿಸ್ಟಮ್ ರಾತ್ರಿ ಎರಡು ಗಂಟೆಗೆ ಎದ್ದು ಸರಿ ಮಾಡಿದವನನ್ನ, ಮರ (ಟ್ರೀ ಅನ್ನೋ ಡೇಟಾ ರಚನೆ) ಉಲ್ಟಾ ಮಾಡು ಅಂತ ಕೂರಿಸ್ತಾರೆ. ಕೆಲಸ ಮಾಡ್ಕೊಂಡು, ಮನೆ ನೋಡ್ಕೊಂಡು, ಮತ್ತೆ ಮುನ್ನೂರು ಲೆಕ್ಕ ಬಿಡಿಸೋಕೆ ಯಾರಿಗೆ ಪುರುಸೊತ್ತಿದೆ? ಇದು ಪುರುಸೊತ್ತು ಇರೋರ ಪರೀಕ್ಷೆ.

ಚಿಂತಾಮಣಿ ಕಡೆಯವನು

ಶಿರಾದವರೇ, ನಿಮ್ಮ ಮಾತಿನಲ್ಲಿ ಸತ್ಯವಿದೆ. ನಾನು ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಈಗ ವಾರಕ್ಕೆ ಎರಡು ಮೂರು ಇಂಟರ್‌ವ್ಯೂ ತೆಗೆದುಕೊಳ್ಳುತ್ತೇನೆ. ಮೇಜಿನ ಆ ಕಡೆಯಿಂದ ಏನು ಕಾಣುತ್ತದೆ ಎಂದು ಬರೆಯುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಅನುಭವ ಇರುವವರಿಗೆ ಒಗಟಿನಂಥ ಲೆಕ್ಕ ಕೊಡುವುದನ್ನು ನಾನು ನಿಲ್ಲಿಸಿದ್ದೇನೆ. ಅವರು ಕಟ್ಟಿದ ವ್ಯವಸ್ಥೆಯನ್ನೇ ಕೆದಕುತ್ತೇನೆ. ಎಲ್ಲ ಕಂಪನಿಗಳೂ ಹಾಗೆ ಮಾಡುವುದಿಲ್ಲ, ಅದು ಅನ್ಯಾಯವೇ. ಆದರೆ ಚಿಕ್ಕ ಲೆಕ್ಕ ಒಂದು ಕೊಟ್ಟಾಗ ನಾನು ಬರೆದುಕೊಳ್ಳುವುದು ಉತ್ತರವನ್ನಲ್ಲ. ಪ್ರಶ್ನೆ ಕೇಳಿದ ಕೂಡಲೇ ಏನು ಮಾಡಿದರು? ನೇರ ಟೈಪ್ ಮಾಡಲು ಶುರು ಮಾಡಿದರೆ ಒಂದು ಸಾಲು. ಪಟ್ಟಿ ಖಾಲಿ ಇರಬಹುದೇ, ಒಂದೇ ಸಂಖ್ಯೆ ಎರಡು ಸಲ ಬರಬಹುದೇ ಎಂದು ಕೇಳಿದರೆ ಇನ್ನೊಂದು ಸಾಲು. ನಾನು ಸುಳಿವು ಕೊಟ್ಟಾಗ ಹಿಡಿದರೋ, ತಮ್ಮದೇ ಹಾದಿಯಲ್ಲಿ ಹೋದರೋ? ಕೊನೆಯಲ್ಲಿ ತಾವೇ ಒಂದು ಉದಾಹರಣೆ ಹಾಕಿ ಸಾಲು ಸಾಲಾಗಿ ನೋಡಿದರೋ, ಅಥವಾ "ಡನ್ ಸರ್" ಎಂದರೋ? ಗುಬ್ಬಿ ಗೇಟ್ ತಮ್ಮ ತನ್ನ ತಪ್ಪನ್ನು ತಾನೇ ಹಿಡಿದದ್ದು ಬರೆದಿದ್ದಾನಲ್ಲ, ನಾನಾಗಿದ್ದರೆ ಅಲ್ಲಿ ಅಂಕ ಕಳೆಯುತ್ತಿರಲಿಲ್ಲ, ಹಾಕುತ್ತಿದ್ದೆ. ಕೆಲಸದಲ್ಲಿ ದಿನವೂ ಬೇಕಾಗುವುದು ಅದು.

ಒಂದು ಉದಾಹರಣೆ. ಬೈನರಿ ಸರ್ಚ್, ಅಂದರೆ ಕ್ರಮದಲ್ಲಿರುವ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹುಡುಕುವುದು, ಎಲ್ಲರಿಗೂ ಬರುತ್ತದೆ. ನಡುವಿನ ಜಾಗ ಕಂಡುಹಿಡಿಯಲು ಆರಂಭ, ಕೊನೆ ಕೂಡಿಸಿ ಎರಡರಿಂದ ಭಾಗಿಸುತ್ತಾರೆ. ಪಟ್ಟಿ ತೀರಾ ದೊಡ್ಡದಾದರೆ ಆ ಮೊತ್ತ 32 ಬಿಟ್ ಪೂರ್ಣಾಂಕದ ಮಿತಿಯಾದ 214,74,83,647 ದಾಟಿ ಋಣ ಸಂಖ್ಯೆಯಾಗಿಬಿಡುತ್ತದೆ. ಜಾವಾದ ಸ್ವಂತ ಲೈಬ್ರರಿಯಲ್ಲೇ ಈ ದೋಷ ವರ್ಷಗಟ್ಟಲೆ ಅಡಗಿತ್ತು, 2006ರಲ್ಲಿ ಅದರ ಬಗ್ಗೆ ಬರೆದಾಗ ಎಲ್ಲರಿಗೂ ಗೊತ್ತಾಯಿತು. ಕೊನೆಯಿಂದ ಆರಂಭ ಕಳೆದು, ಅದರ ಅರ್ಧವನ್ನು ಆರಂಭಕ್ಕೆ ಕೂಡಿಸಿದರೆ ಸರಿಹೋಗುತ್ತದೆ. ಇದು ಗೊತ್ತಿರಲೇಬೇಕೆಂದು ನಾನು ಕೇಳುವುದಿಲ್ಲ. "ಈ ಕೂಡುವ ಸಾಲಿನಲ್ಲಿ ಏನಾದರೂ ಅಪಾಯ ಇದೆಯೇ?" ಎಂದು ಕೇಳಿ ಸುಮ್ಮನಾಗುತ್ತೇನೆ. ಆ ಸಾಲನ್ನು ಮತ್ತೆ ನೋಡುವವರು, "ತುಂಬಾ ದೊಡ್ಡ ಸಂಖ್ಯೆ ಬಂದ್ರೆ?" ಎಂದು ತಾವೇ ತಮ್ಮನ್ನು ಕೇಳಿಕೊಳ್ಳುವವರು ನನಗೆ ಬೇಕು.

ಈಗ ಎಐ ವಿಷಯ. ಪಕ್ಕದ ಪರದೆಯಲ್ಲಿ ಉತ್ತರ ಓದುವವರು ಹೆಚ್ಚಾಗಿದ್ದಾರೆ. ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡಬೇಕಾಗಿಯೇ ಇಲ್ಲ. ಕೋಡ್ ಚೆನ್ನಾಗಿರುತ್ತದೆ, "ಈ ಸಾಲು ತೆಗೆದರೆ ಏನಾಗುತ್ತದೆ?" ಎಂದರೆ ಮೌನ. ಇದರಿಂದಾಗಿ ನಮ್ಮಲ್ಲಿ ಕೊನೆಯ ರೌಂಡಿಗೆ ಮತ್ತೆ ಆಫೀಸಿಗೇ ಕರೆಸುತ್ತಿದ್ದೇವೆ. ದೂರದ ಊರಿನವರಿಗೆ ಕಷ್ಟ ಎಂದು ಗೊತ್ತು, ನನಗೂ ಅದು ನೋವೇ. ನಾನೂ ಚಿಂತಾಮಣಿ ಬಸ್ಸಿನಲ್ಲಿ ನಿಂತು ಬಂದವನು. ಆ ಕಡೆಯಿಂದ ಬರುವವರಿಗೆ ಬೆಳಗಿನ ಹತ್ತರ ಸಮಯ ಬೇಡ, ಹನ್ನೆರಡಕ್ಕೆ ಕೊಡಿ ಎಂದು ನಮ್ಮ ರಿಕ್ರೂಟರ್‌ಗೆ ಹೇಳಿಟ್ಟಿದ್ದೇನೆ. ನೀವೂ ಕೇಳಿ. ಸಮಯ ಬದಲಿಸಿ ಎಂದು ಕೇಳಿದ್ದಕ್ಕೆ ಯಾರನ್ನೂ ಬಿಟ್ಟದ್ದು ನಾನು ಕಂಡಿಲ್ಲ.

ಇಂಗ್ಲಿಷ್ ಬಗ್ಗೆ ಒಂದು ಮಾತು. ವ್ಯಾಕರಣ ತಪ್ಪಿತು ಎಂದು ನಾನು ಯಾರನ್ನೂ ಕೈಬಿಟ್ಟಿಲ್ಲ. ಏನು ಮಾಡುತ್ತಿದ್ದಾರೆಂದು ತಿಳಿಯದೆ ಕೈಬಿಟ್ಟಿದ್ದೇನೆ, ಅವರಲ್ಲಿ ಕೆಲವರು ಖಂಡಿತ ಒಳ್ಳೆಯ ಎಂಜಿನಿಯರ್‌ಗಳಿದ್ದರು. ಅದು ಇವತ್ತಿಗೂ ಕೊರೆಯುತ್ತದೆ. ಕನ್ನಡದವರು ಎಂದು ಗೊತ್ತಾದರೆ ಈಗ ಮೊದಲೇ ಹೇಳುತ್ತೇನೆ, ಸಿಕ್ಕಿಹಾಕಿಕೊಂಡಾಗ ಕನ್ನಡದಲ್ಲಿ ಹೇಳಿ ಪರವಾಗಿಲ್ಲ ಎಂದು.

ಶಿರಾ ಡೆವಲಪರ್

ಸರ್, ನಿಮ್ಮಂಥೋರು ಸಿಕ್ಕಿದ್ರೆ ನನಗೂ ತಕರಾರಿಲ್ಲ. ಸಿಗೋದು ಅದೃಷ್ಟ ಅನ್ನೋದೇ ನನ್ನ ತಕರಾರು. ಬೈನರಿ ಸರ್ಚ್ ವಿಷಯ ಮಾತ್ರ ಈಗ್ಲೇ ನಮ್ಮ ಕೋಡ್‌ನಲ್ಲಿ ಹುಡುಕ್ತೀನಿ.

ಗೌರಿಬಿದನೂರು ಅಕ್ಕ

ಗುಬ್ಬಿ ಗೇಟ್ ತಮ್ಮ, ಎಚ್‌ಆರ್ ರೌಂಡ್‌ನಲ್ಲಿ ವಿಶೇಷ ಏನಿರ್ಲಿಲ್ಲ ಅಂತ ಬರೆದಿದೀಯ, ಅಲ್ಲೇ ನಮ್ಮೂರ ಹುಡುಗರು ಕಳ್ಕೊಳ್ಳೋದು. ಆಫರಲ್ಲಿರೋ ಸಿಟಿಸಿ, ಅಂದ್ರೆ ಕಂಪನಿ ನಿನ್ನ ಮೇಲೆ ವರ್ಷಕ್ಕೆ ಮಾಡೋ ಒಟ್ಟು ಖರ್ಚು, ಅಷ್ಟೂ ಕೈಗೆ ಬರಲ್ಲ. ಕಂಪನಿ ಕಟ್ಟೋ ಪಿಎಫ್ ಅದರಲ್ಲೇ ಸೇರಿರುತ್ತೆ, ನಿನ್ನ ಪಾಲಿನ ಪಿಎಫ್ ಸಂಬಳದಿಂದ ಹೋಗುತ್ತೆ, ಗ್ರಾಚುಟಿ ಸೇರಿಸಿರ್ತಾರೆ, ವೇರಿಯಬಲ್ ಅಂತ ಒಂದು ಭಾಗ ಕಂಪನಿ ಲಾಭ ನೋಡ್ಕೊಂಡು ಕೊಡೋದು. ಜಾಯ್ನಿಂಗ್ ಬೋನಸ್ ಇದ್ರೆ ವರ್ಷದೊಳಗೆ ಬಿಟ್ರೆ ವಾಪಸ್ ಕಟ್ಬೇಕಾ ನೋಡು. ತಿಂಗಳಿಗೆ ಕೈಗೆ ಎಷ್ಟು ಅಂತ ನೇರವಾಗಿ ಕೇಳು, ಲೆಕ್ಕ ಬರೆದು ಕಳಿಸಿ ಅನ್ನು. ಸಂಬಳ ಕೇಳೋದು ದುರಾಸೆ ಅಂತ ನಮ್ಮ ಮನೆಗಳಲ್ಲಿ ಹೇಳ್ಕೊಟ್ಟಿರ್ತಾರೆ, ಅದನ್ನ ಇಲ್ಲಿ ಬಿಟ್ಬಿಡು.

ಗುಬ್ಬಿ ಗೇಟ್

ಅಕ್ಕ, ಈಗ ತೆಗೆದು ನೋಡ್ದೆ. ವೇರಿಯಬಲ್ 10 ಪರ್ಸೆಂಟ್ ಇದೆ, ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ. ಸೋಮವಾರ ಕೇಳ್ತೀನಿ.

ಮಧುಗಿರಿ 2024 ಬ್ಯಾಚ್

ಹದಿನೆಂಟು ದಿನ ಆದ್ಮೇಲೆ ಬರೀತಿದೀನಿ. ಚಿಕ್ಕಪ್ಪನ ಲೆಕ್ಕದ ಆ್ಯಪ್ ಅರ್ಧ ಆಗಿದೆ. ಅದನ್ನ ರೆಸ್ಯೂಮೆಗೆ ಹಾಕಿ ಚಿಕ್ಕ ಕಂಪನಿಗಳಿಗೆ ಕಳಿಸ್ದೆ, ಒಂದು ಕಡೆಯಿಂದ ಕರೆ ಬಂದಿದೆ. ಗುರುವಾರ ವಿಡಿಯೋ ರೌಂಡ್. ಚಿಂತಾಮಣಿ ಸರ್, ತಪ್ಪು ತಿಳೀಬೇಡಿ, ಗುಬ್ಬಿ ಗೇಟ್ ಅಣ್ಣನ ಮೊದಲ ಲೆಕ್ಕನ ಕನ್ನಡದಲ್ಲಿ ಹೇಳ್ತೀನಿ, ಎಲ್ಲಿ ಬಿಟ್ಟೆ ಹೇಳಿ.

ಚಿಕ್ಕಪ್ಪನ ಅಂಗಡಿಯಲ್ಲಿ ಬೇರೆಬೇರೆ ತೂಕದ ಮೂಟೆಗಳಿವೆ ಅಂದ್ಕೊಳ್ಳಿ. ಗಿರಾಕಿ ಬಂದು ಎರಡು ಮೂಟೆ ಸೇರಿ ಸರಿಯಾಗಿ 90 ಕಿಲೋ ಆಗ್ಬೇಕು ಅಂತಾರೆ. ಒರಟು ಉಪಾಯ, ಒಂದೊಂದು ಮೂಟೆನೂ ಉಳಿದೆಲ್ಲದರ ಜತೆ ಜೋಡಿಸಿ ನೋಡೋದು. ಒಂದು ಲಕ್ಷ ಮೂಟೆ ಇದ್ರೆ ಸುಮಾರು 500 ಕೋಟಿ ಜೋಡಿ, ಆಗಲ್ಲ. ಅದಕ್ಕೆ ಪ್ರತಿ ಮೂಟೆ ನೋಡ್ತಾ ಹೋಗ್ವಾಗ ಅದರ ತೂಕ, ಜಾಗ ಒಂದು ಪುಸ್ತಕದಲ್ಲಿ ಬರ್ಕೋತೀನಿ, ತೂಕ ಹೇಳಿದ್ರೆ ತಕ್ಷಣ ಆ ಪುಟ ತೆರೆಯೋ ಹಾಗೆ. ಈಗಿನ ಮೂಟೆ 38 ಕಿಲೋ ಅಂದ್ರೆ 52ರದ್ದು ಹಿಂದೆ ಬಂದಿತ್ತಾ ಅಂತ ಪುಸ್ತಕ ನೋಡ್ತೀನಿ. ಇದ್ರೆ ಮುಗೀತು. ಇಲ್ದಿದ್ರೆ 38 ಬರ್ದು ಮುಂದೆ ಹೋಗ್ತೀನಿ. ಎಲ್ಲಾ ಮೂಟೆ ಒಂದೇ ಸಲ ನೋಡಿದ್ರೆ ಸಾಕು. ಪುಸ್ತಕಕ್ಕೆ ಜಾಗ ಬೇಕು, ಅದು ಇದರ ಖರ್ಚು.

ಚಿಂತಾಮಣಿ ಕಡೆಯವನು

ತಂಗಿ, ತಪ್ಪು ತಿಳಿಯುವಂಥದ್ದೇನಿದೆ. ಚೆನ್ನಾಗಿದೆ. ಖರ್ಚು ನೀವೇ ಹೇಳಿದ್ದು ಇನ್ನೂ ಚೆನ್ನಾಗಿದೆ. ಒಂದೇ ಪ್ರಶ್ನೆ: ಈಗ ಕೈಯಲ್ಲಿರುವ ಮೂಟೆ 45 ಕಿಲೋ ಆದರೆ?

ಮಧುಗಿರಿ 2024 ಬ್ಯಾಚ್

ಇನ್ನೊಂದು 45 ಬೇಕು. ಅದೇ ಮೂಟೆನ ಎರಡು ಸಲ ಲೆಕ್ಕ ಹಾಕ್ಬಾರದು. ನಾನು ಮೊದಲು ಪುಸ್ತಕ ನೋಡಿ ಆಮೇಲೆ ಬರೀತೀನಿ ಸರ್, ಅದಕ್ಕೆ ಪುಸ್ತಕದಲ್ಲಿ 45 ಇದೆ ಅಂದ್ರೆ ಅದು ಹಿಂದಿನ ಬೇರೆ ಮೂಟೆನೇ. ಮೊದಲೇ ಬರೆದಿದ್ರೆ ತಪ್ಪಾಗ್ತಿತ್ತು.

ಚಿಂತಾಮಣಿ ಕಡೆಯವನು

ಇದನ್ನೇ ಗುರುವಾರ ಹೇಳಿ. ಮೂಟೆ ಅಂತಲೇ ಹೇಳಿ. ಎಷ್ಟು ಗಂಟೆಗೆ?

ಮಧುಗಿರಿ 2024 ಬ್ಯಾಚ್

ಹನ್ನೊಂದೂವರೆಗೆ ಸರ್. ಇಲ್ಲಿ ನೆಟ್ ನಂಬೋಕಾಗಲ್ಲ, ಬುಧವಾರ ರಾತ್ರಿನೇ ತುಮಕೂರಿಗೆ ಬಂದು ಗೆಳತಿ ರೂಮಲ್ಲಿ ಇರ್ತೀನಿ.

ಗುಬ್ಬಿ ಗೇಟ್

ತಂಗಿ, ಬುಧವಾರ ರಾತ್ರಿ ಎಂಟಕ್ಕೆ ನನ್ನ ತಂಗಿನೂ ನಾನೂ ವಿಡಿಯೋ ಕಾಲ್‌ನಲ್ಲಿ ಕೂರ್ತೀವಿ. ಅವಳ ಹತ್ರ ಒಂದ್ಸಲ ಹೇಳು. ಅವಳಿಗೆ ಅರ್ಥ ಆದ್ರೆ ಅವರಿಗೂ ಆಗುತ್ತೆ. ಲಿಂಕ್ ಮೆಸೇಜ್‌ನಲ್ಲಿ ಕಳಿಸಿದೀನಿ, ನೋಡು.